ಬಿಡಿ ಕಾಲರು: ಅಳತೆ, ಗಂಜಿ ಮತ್ತು ತೊಡುವ ಕ್ರಮ

ಅಂಗಿಯಲ್ಲಿ ಎಲ್ಲಕ್ಕಿಂತ ಮೊದಲು ಕೊಳೆಯಾಗುವುದು ಕಾಲರು, ಎಲ್ಲಕ್ಕಿಂತ ಮೊದಲು ಸವೆಯುವುದೂ ಅದೇ. ಕುತ್ತಿಗೆಯ ಬೆವರು, ತಲೆಗೆ ಹಚ್ಚಿದ ಎಣ್ಣೆ, ಗಡ್ಡದ ಉಜ್ಜಾಟ ಎಲ್ಲವೂ ಎರಡು ಇಂಚು ಅಗಲದ ಒಂದು ಪಟ್ಟಿಯ ಮೇಲೆ ಬೀಳುತ್ತವೆ. ಉಳಿದ ಅಂಗಿಯನ್ನು ಇನ್ನೊಂದು ದಿನ ತೊಡಬಹುದಾಗಿದ್ದರೂ ಆ ಪಟ್ಟಿಯ ಕರೆಯ ಕಾರಣಕ್ಕೆ ಇಡೀ ಅಂಗಿ ಒಗೆಯಲು ಬೀಳುತ್ತದೆ. ಕಾಲರನ್ನು ಅಂಗಿಯಿಂದ ಬೇರ್ಪಡಿಸಿ, ಬೇಕಾದಾಗ ಗುಂಡಿಯಿಂದ ಸೇರಿಸಿಕೊಳ್ಳುವ ಏರ್ಪಾಡು ಹುಟ್ಟಿದ್ದು ಇದೊಂದೇ ತೊಂದರೆಯಿಂದ. ಸುಮಾರು ನೂರು ವರ್ಷ ಕಾಲ ಅಮೆರಿಕ ಮತ್ತು ಯುರೋಪಿನ ಗಂಡಸರು ಕಚೇರಿಗೆ, ಮದುವೆಗೆ, ಚರ್ಚಿಗೆ ಹೋಗುವಾಗ ತೊಟ್ಟದ್ದು ಇಂಥ ಬಿಡಿ ಕಾಲರುಗಳನ್ನೇ.

ನಾನು ಕರಾವಳಿಯ ನ್ಯಾಯಾಲಯವೊಂದರಲ್ಲಿ ವಕೀಲೆ. ಬಿಡಿ ಕಾಲರು ನನಗೆ ಹಳೆಯ ಕಾಲದ ಕುತೂಹಲದ ವಸ್ತುವಲ್ಲ, ಬೆಳಿಗ್ಗೆ ಒಂಬತ್ತೂವರೆಗೆ ಕನ್ನಡಿಯ ಮುಂದೆ ನಿಂತು ಕಟ್ಟಿಕೊಳ್ಳುವ ವಸ್ತು. ನಮ್ಮ ದೇಶದ ವಕೀಲರ ಉಡುಪಿನ ನಿಯಮದಲ್ಲಿ ಇಂದಿಗೂ ಕೊರಳಿನಿಂದ ಎದೆಗೆ ಇಳಿಬಿಡುವ ಜೋಡಿ ಪಟ್ಟಿಯಾದ ಬಿಳಿಯ ಬ್ಯಾಂಡಿನ ಜೊತೆಗೆ 'ಗಟ್ಟಿಯದಾಗಲಿ ಮೆತ್ತನೆಯದಾಗಲಿ ಬಿಳಿ ಕಾಲರು' ಎಂಬ ಮಾತು ಇದೆ. ಗಟ್ಟಿ ಮತ್ತು ಮೆತ್ತಗೆ ಎಂಬ ಈ ಎರಡು ಶಬ್ದಗಳ ಹಿಂದೆ ಒಂದು ಇಡೀ ಉದ್ಯಮದ ಇತಿಹಾಸ ಇದೆ ಎಂಬುದು ನನಗೆ ಗೊತ್ತಾದದ್ದು ಗಂಜಿ ಹಾಕಲು ಕಲಿತ ಮೇಲೆ. ಬಿಡಿ ಕಾಲರನ್ನು ಕೊಳ್ಳುವ, ಹೊಲಿಸುವ, ಒಗೆಯುವ, ತೊಡುವ ಕ್ರಮವನ್ನು ತಿಳಿಯಬೇಕೆನ್ನುವವರಿಗೆ ಮೊದಲು ಆ ಇತಿಹಾಸವನ್ನೇ ಹೇಳುತ್ತೇನೆ, ಏಕೆಂದರೆ ಕಾಲರಿನ ಪ್ರತಿಯೊಂದು ಭಾಗವೂ ಹಾಗಿರುವುದಕ್ಕೆ ಕಾರಣ ಅದರಲ್ಲಿದೆ.

ಟ್ರಾಯ್ ಪಟ್ಟಣದ ಒಗೆಯುವ ಕೈಗಳು

ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಡದ ಮೇಲೆ ಟ್ರಾಯ್ ಎಂಬ ಪಟ್ಟಣವಿದೆ. 1827ರಲ್ಲಿ ಅಲ್ಲಿನ ಗೃಹಿಣಿ ಹ್ಯಾನಾ ಲಾರ್ಡ್ ಮಾಂಟೆಗ್ಯೂ, ಗಂಡನ ಅಂಗಿಗಳು ಕಾಲರಿನಲ್ಲಿ ಮಾತ್ರ ಕೊಳೆಯಾಗಿರುವುದನ್ನು ದಿನವೂ ನೋಡಿ ಬೇಸತ್ತು, ಕಾಲರುಗಳನ್ನು ಕತ್ತರಿಸಿ ತೆಗೆದು, ಅವನ್ನಷ್ಟೇ ಒಗೆದು, ಮತ್ತೆ ಹೊಲಿದಳು ಎಂಬುದು ಆ ಊರು ಹೇಳಿಕೊಂಡು ಬಂದ ಕಥೆ. ಅದೇ ಊರಿನಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದ ನಿವೃತ್ತ ಪಾದ್ರಿ ಎಬನೇಜರ್ ಬ್ರೌನ್ ಈ ಯುಕ್ತಿಯಲ್ಲಿ ವ್ಯಾಪಾರವನ್ನು ಕಂಡು, ಮನೆಗಳಲ್ಲಿ ಹೆಂಗಸರಿಂದ ಕಾಲರು ಹೊಲಿಸಿ ಮಾರತೊಡಗಿದ. ಆ ಮೊದಲ ಕಾಲರುಗಳಿಗೆ ಗುಂಡಿ ಇರಲಿಲ್ಲ. ಲಾಡಿಯಿಂದ ಕುತ್ತಿಗೆಗೆ ಕಟ್ಟಿಕೊಳ್ಳಬೇಕಿತ್ತು. 1830ರ ದಶಕದಲ್ಲಿ ಕಾರ್ಖಾನೆಗಳು ಬಂದವು, ಅನಂತರ ಹೊಲಿಗೆ ಯಂತ್ರ ಬಂತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾಲರುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಟ್ರಾಯ್‌ನಿಂದಲೇ ಹೋಗುತ್ತಿದ್ದವೆಂಬ ಅಂದಾಜಿದೆ. ಅದಕ್ಕೆ 'ಕಾಲರ್ ಸಿಟಿ' ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ.

ಮನೆಯ ಹೆಂಗಸಿನ ಒಗೆತದ ಹೊರೆಯನ್ನು ತಗ್ಗಿಸಲು ಹುಟ್ಟಿದ ಈ ವಸ್ತು ಆ ಹೊರೆಯನ್ನು ಬೇರೆ ಹೆಂಗಸರ ಮೇಲೆ ಹಾಕಿತು ಎಂಬುದನ್ನು ಮರೆಯಬಾರದು. ಹೊಸ ಕಾಲರು ಪೆಟ್ಟಿಗೆ ಸೇರುವ ಮೊದಲು ಅದನ್ನು ಒಗೆದು, ಬಿಳುಪು ಮಾಡಿ, ಕುದಿಯುವ ಗಂಜಿಯಲ್ಲಿ ಅದ್ದಿ, ಕಾದ ಇಸ್ತ್ರಿಯಿಂದ ಹೊಳಪು ಬರುವಂತೆ ಉಜ್ಜಬೇಕಿತ್ತು. ಟ್ರಾಯ್‌ನ ಲಾಂಡ್ರಿಗಳಲ್ಲಿ ಈ ಕೆಲಸವನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ಅಯರ್ಲೆಂಡಿನಿಂದ ವಲಸೆ ಬಂದ ಹುಡುಗಿಯರು. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆಯ ದುಡಿಮೆ, ವಾರಕ್ಕೆ ಎರಡು ಮೂರು ಡಾಲರಿನ ಕೂಲಿ. ಗಂಜಿ ಹಾಕುವ ಯಂತ್ರಗಳು ಬಂದ ಮೇಲೆ ಕೆಲಸ ಹೆಚ್ಚಿತು, ಕೈ ಸುಟ್ಟುಕೊಳ್ಳುವುದೂ ಹೆಚ್ಚಿತು, ಕೂಲಿ ಮಾತ್ರ ಹೆಚ್ಚಲಿಲ್ಲ. 1864ರ ಫೆಬ್ರುವರಿಯಲ್ಲಿ, ಸುಮಾರು 19 ವರ್ಷದ ಕೇಟ್ ಮುಲಾನಿ ಎಂಬ ಹುಡುಗಿಯ ಮುಂದಾಳುತನದಲ್ಲಿ 14 ಲಾಂಡ್ರಿಗಳ ಸುಮಾರು 300 ಹೆಂಗಸರು ಕೆಲಸ ನಿಲ್ಲಿಸಿದರು. ಒಂದು ವಾರ ತುಂಬುವುದರೊಳಗೆ ಮಾಲೀಕರು ಕೂಲಿಯನ್ನು ನಾಲ್ಕನೆಯ ಒಂದು ಪಾಲಿನಷ್ಟು ಏರಿಸಲು ಒಪ್ಪಿದರು. ಆಗ ಕಟ್ಟಿದ ಕಾಲರ್ ಲಾಂಡ್ರಿ ಯೂನಿಯನ್, ಅಮೆರಿಕದಲ್ಲಿ ಒಂದೆರಡು ತಿಂಗಳಿಗೆ ಚದುರಿಹೋಗದೆ ವರ್ಷಗಳ ಕಾಲ ನಿಂತ ಮೊದಲ ಮಹಿಳಾ ಕಾರ್ಮಿಕ ಸಂಘಗಳಲ್ಲಿ ಒಂದು. ಮುಲಾನಿಯ ಮನೆ ಈಗ ಸಂರಕ್ಷಿತ ಸ್ಮಾರಕವಾಗಿದೆ. 'ವೈಟ್ ಕಾಲರ್' ನೌಕರಿ ಎಂದು ನಾವು ಬಳಸುವ ಮಾತು ಈ ಬಿಳಿಯ ಕಾಲರಿನದೇ. ಅದು ಬಿಳಿಯಾಗಿ ನಿಂತದ್ದು ಇಂಥವರ ಕೈಯಿಂದ.

ಒಗೆತವೇ ಬೇಡವೆಂದು ಹೊರಟವರೂ ಇದ್ದರು. ಸೇಫ್ಟಿ ಪಿನ್ನನ್ನು ರೂಪಿಸಿದ ವಾಲ್ಟರ್ ಹಂಟ್ 1854ರಲ್ಲಿ ಕಾಗದದ ಕಾಲರಿಗೆ ಪೇಟೆಂಟ್ ಪಡೆದ, ಕೊಳೆಯಾದರೆ ಬಿಸಾಡಿದರಾಯಿತು. 1870ರ ದಶಕದ ಬಳಿಕ ಸೆಲ್ಯುಲಾಯ್ಡ್ ಎಂಬ ಆ ಕಾಲದ ಪ್ಲಾಸ್ಟಿಕ್ಕಿನ ಕಾಲರು ಬಂತು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಗಂಜಿ ಬೇಡ, ಇಸ್ತ್ರಿ ಬೇಡ. ಆದರೆ ಬೇಗ ಹಳದಿಗಟ್ಟುತ್ತಿತ್ತು, ಬೆಂಕಿ ಸೋಕಿದರೆ ಭುಗ್ಗೆಂದು ಹೊತ್ತಿಕೊಳ್ಳುತ್ತಿತ್ತು.

ಟ್ರಾಯ್‌ನ ಕ್ಲೂಯೆಟ್ ಪೀಬಾಡಿ ಕಂಪನಿಯ ಕಾಲರುಗಳ ಹೆಸರು 'ಆ್ಯರೋ'. ಚಿತ್ರಕಾರ ಜೆ. ಸಿ. ಲೇಯೆಂಡೆಕರ್ 1905ರಿಂದ 1931ರವರೆಗೆ ಅದರ ಜಾಹೀರಾತುಗಳಿಗೆ ಬರೆದ ಸುಂದರ ತರುಣರ ಚಿತ್ರಗಳು ಆ ಕಾಲದ ಅಮೆರಿಕದ ಗಂಡಸಿನ ಅಂದದ ಮಾದರಿಯೇ ಆದವು. ಮೊದಲ ಮಹಾಯುದ್ಧದಲ್ಲಿ ಮೆತ್ತನೆಯ ಕಾಲರಿನ ಸಮವಸ್ತ್ರಕ್ಕೆ ಒಗ್ಗಿದ ಸೈನಿಕರು ಊರಿಗೆ ಮರಳಿದ ಮೇಲೆ ಗಟ್ಟಿ ಕಾಲರಿಗೆ ಕುತ್ತಿಗೆ ಕೊಡಲು ಒಲ್ಲೆನೆಂದರು. 1920ರ ದಶಕದ ಆರಂಭದಲ್ಲಿ ಜಾನ್ ಮ್ಯಾನಿಂಗ್ ವ್ಯಾನ್ ಹ್ಯೂಸನ್ ರೂಪಿಸಿದ, ಬಟ್ಟೆಯನ್ನೇ ಬಾಗಿಸಿ ನೇಯ್ದ, ಗಂಜಿ ಇಲ್ಲದೆಯೂ ಆಕಾರ ಕೆಡದ ಮೆತ್ತನೆಯ ಕಾಲರು ಮಾರುಕಟ್ಟೆಗೆ ಬಂತು. 1930ರ ದಶಕ ಮುಗಿಯುವ ಹೊತ್ತಿಗೆ ಕಾಲರು ಮತ್ತೆ ಅಂಗಿಗೆ ಅಂಟಿಕೊಂಡಿತ್ತು. ಬೆಂಗಳೂರಿನ ಅಂಗಡಿ ಸಾಲುಗಳಲ್ಲಿ ಇಂದು ಆ್ಯರೋ, ವ್ಯಾನ್ ಹ್ಯೂಸನ್ ಎಂಬ ಹೆಸರಿನ ಅಂಗಿಗಳನ್ನು ಕೊಳ್ಳುವವರು, ಅವೆರಡೂ ಮೊದಲು ಬರಿಯ ಕಾಲರಿಗೆ ಹೆಸರಾಗಿದ್ದವೆಂದು ನೆನೆಯಬಹುದು.

ಕೊಳ್ಳುವ ಮೊದಲು ತಿಳಿಯಬೇಕಾದ ಅಳತೆ

ಬಿಡಿ ಕಾಲರಿನ ಸಜ್ಜಿನಲ್ಲಿ ಇರುವುದು ಮೂರೇ ವಸ್ತು: ಕಾಲರಿಲ್ಲದ, ಕುತ್ತಿಗೆಗೆ ಗಿಡ್ಡ ಪಟ್ಟಿ ಮಾತ್ರ ಇರುವ ಅಂಗಿ, ಕಾಲರು, ಮತ್ತು ಎರಡು ಸ್ಟಡ್‌ಗಳು. ಸ್ಟಡ್ ಎಂದರೆ ಹೊಲಿಯದೆ ಕಾಜದ ಮೂಲಕ ತೂರಿಸುವ ಗುಂಡಿ. ಜುಬ್ಬಾಕ್ಕೆ ಹಾಕುವ ಬಿಡಿ ಗುಂಡಿಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಹಿಂದಿನ ಸ್ಟಡ್ ಗಿಡ್ಡವಾಗಿರುತ್ತದೆ, ಏಕೆಂದರೆ ಅದು ಅಂಗಿಯ ಪಟ್ಟಿ ಒಂದು, ಕಾಲರು ಒಂದು ಹೀಗೆ ಎರಡನ್ನು ಮಾತ್ರ ಹಿಡಿಯಬೇಕು. ಮುಂದಿನದು ಉದ್ದ. ಅಂಗಿಯ ಎರಡು ಮಗ್ಗುಲು, ಕಾಲರಿನ ಎರಡು ತುದಿ, ಒಟ್ಟು ನಾಲ್ಕನ್ನು ಅದು ಹಿಡಿಯಬೇಕು. ಇವೆರಡನ್ನು ಅದಲು ಬದಲು ಮಾಡಿದರೆ ಮುಂದಿನದು ಸೇರುವುದೇ ಇಲ್ಲ, ಹಿಂದಿನದು ಮಾತ್ರ ಕತ್ತಿಗೆ ಒತ್ತುತ್ತದೆ.

ಅಳತೆಯನ್ನು ತೆಗೆಯುವಾಗ ಟೇಪನ್ನು ಕುತ್ತಿಗೆಯ ಬುಡಕ್ಕೆ ಸುತ್ತಿ, ಒಳಗೆ ಒಂದು ಬೆರಳು ಸಲೀಸಾಗಿ ಆಡುವಷ್ಟು ಸಡಿಲ ಬಿಡಬೇಕು. ಅದು 15 ಇಂಚು ಬಂದರೆ ಅಂಗಿಯ ಕುತ್ತಿಗೆ ಪಟ್ಟಿ 15 ಇಂಚಿನದು. ಕಾಲರು ಅದಕ್ಕಿಂತ ಅರ್ಧ ಇಂಚು ದೊಡ್ಡದಾಗಿ 15½ ಇರಬೇಕು. ಕಾಲರು ಪಟ್ಟಿಯ ಹೊರಗೆ ಸುತ್ತಿ ಬರುವುದರಿಂದ ಅದರ ದಾರಿ ತುಸು ಉದ್ದ ಎಂಬುದೇ ಇದಕ್ಕೆ ಕಾರಣ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಎರಡನ್ನೂ ಒಂದೇ ಅಳತೆಯಲ್ಲಿ ಕೊಂಡರೆ ಒಳಗಿನ ಪಟ್ಟಿ ಮಡಿಕೆಗಟ್ಟಿ ಗಂಟಲಿಗೆ ಒತ್ತುತ್ತದೆ. ಕೈಗೆ ಸಿಕ್ಕ ಹಳೆಯ ಕಾಲರಿನ ಅಳತೆ ತಿಳಿಯಬೇಕಾದರೆ ಅದನ್ನು ಚಪ್ಪಟೆಯಾಗಿ ಹಾಸಿ, ಒಂದು ತುದಿಯ ಕಾಜದ ನಡುವಿನಿಂದ ಇನ್ನೊಂದು ತುದಿಯ ಕಾಜದ ನಡುವಿಗೆ ಅಳೆಯಿರಿ. ತುದಿಯಿಂದ ತುದಿಗೆ ಅಳೆಯಬೇಡಿ.

ಬಿಗಿಯಾದ ಕಾಲರನ್ನು ಹಟಕ್ಕೆ ತೊಡಬಾರದು. ಎತ್ತರದ ಗಟ್ಟಿ ಕಾಲರಿಗೆ ಜರ್ಮನರು 'ತಂದೆಯನ್ನು ಕೊಲ್ಲುವುದು' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ತಲೆ ಬಾಗಿಸಿ ಬರೆಯುವಾಗ ಉಸಿರು ಕಟ್ಟಿದಂತಾದರೆ, ಕತ್ತಿನ ಮೇಲೆ ಕೆಂಪು ಗೆರೆ ಮೂಡಿದರೆ, ಮುಂದಿನ ಅಳತೆಗೆ ಹೋಗಿ.

ತೊಡುವ ಕ್ರಮ

ಅಂಗಿಯನ್ನು ತೊಡುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು. ಅಂಗಿಯನ್ನು ಮೇಜಿನ ಮೇಲೆ ಹರಡಿ, ಗಿಡ್ಡ ಸ್ಟಡ್ಡನ್ನು ಕುತ್ತಿಗೆ ಪಟ್ಟಿಯ ಹಿಂಭಾಗದ ಕಾಜಕ್ಕೆ ಒಳಗಿನಿಂದ ತೂರಿಸಿ. ಅದರ ಚಪ್ಪಟೆ ತಲೆ ಮೈಗೆ ತಾಗುವ ಬದಿಗಿರಲಿ. ಅದಕ್ಕೆ ಕಾಲರಿನ ನಡುವಿನ ಕಾಜವನ್ನು ಸೇರಿಸಿ. ಗಂಜಿಯಿಂದ ಕಾಜ ಮುಚ್ಚಿಕೊಂಡಿದ್ದರೆ ಕತ್ತರಿಯಿಂದ ಬಿಡಿಸಬೇಡಿ. ಮೊಂಡಾದ ಕಡ್ಡಿಯ ತುದಿಯಿಂದ ಮೆಲ್ಲಗೆ ಅಗಲಿಸಿ.

ಮಡಚುವ ಕಾಲರಿಗೆ ಟೈ ಕಟ್ಟುವುದಾದರೆ ಈಗಲೇ ಮಡಿಕೆಯನ್ನು ತುಸು ತೆರೆದು ಟೈಯನ್ನು ಒಳಗೆ ಕೂರಿಸಿ, ಮಡಿಕೆಯನ್ನು ಮತ್ತೆ ಇಳಿಸಬೇಕು. ನಮಗೆ ರೂಢಿಯಾದ ಮೆತ್ತನೆಯ ಕಾಲರನ್ನು ಎತ್ತಿ ಟೈ ಸುತ್ತಿ ಇಳಿಸಬಹುದು, ಗಂಜಿ ಹಾಕಿದ ಕಾಲರನ್ನು ಕುತ್ತಿಗೆಯ ಮೇಲಿರುವಾಗ ಎತ್ತಿದರೆ ಮಡಿಕೆಯ ಗೆರೆಯೇ ಬಿರಿಯುತ್ತದೆ. ತುದಿಗಳು ರೆಕ್ಕೆಯಂತೆ ಹೊರಕ್ಕೆ ಬಾಗಿರುವ ಕಾಲರಿಗೆ ಈ ತೊಡಕಿಲ್ಲ; ಬೋ ಆಗಲಿ ವಕೀಲರ ಬ್ಯಾಂಡ್ ಆಗಲಿ ಕೊನೆಗೆ ಕಟ್ಟಿದರೆ ಆಯಿತು.

ಇನ್ನು ಅಂಗಿಯನ್ನು ತೊಟ್ಟು, ಎರಡನೆಯ ಗುಂಡಿಯಿಂದ ಕೆಳಗಿನವನ್ನು ಹಾಕಿಕೊಳ್ಳಿ. ಉದ್ದನೆಯ ಸ್ಟಡ್ಡನ್ನು ಒಳಗಿನಿಂದ ಕುತ್ತಿಗೆ ಪಟ್ಟಿಯ ಎರಡೂ ಮಗ್ಗುಲುಗಳ ಕಾಜದ ಮೂಲಕ ಹೊರಕ್ಕೆ ತನ್ನಿ. ಅದರ ಕಾಂಡ ಗಂಟಲ ಗುಳಿಯ ನೇರಕ್ಕೆ ಹೊರಗೆ ಚಾಚಿ ನಿಲ್ಲುತ್ತದೆ. ಕಾಲರಿನ ಒಂದು ತುದಿಯನ್ನು ಅದಕ್ಕೆ ಸಿಕ್ಕಿಸಿ, ಆಮೇಲೆ ಇನ್ನೊಂದನ್ನು ಸಿಕ್ಕಿಸಿ. ಅಂಗಿಯಲ್ಲಿ ಯಾವ ಮಗ್ಗುಲು ಮೇಲೆ ಬರುತ್ತದೆಯೋ ಕಾಲರಿನಲ್ಲೂ ಅದೇ ಮಗ್ಗುಲು ಮೇಲೆ ಬರಲಿ. ಮೊದಲ ಸಲ ಈ ಹಂತಕ್ಕೆ ಹತ್ತು ನಿಮಿಷ ಹಿಡಿದರೆ ಆಶ್ಚರ್ಯವಿಲ್ಲ. ಕನ್ನಡಿಯಲ್ಲಿ ನೋಡುತ್ತ ಮಾಡುವುದಕ್ಕಿಂತ ಕಣ್ಣು ಮುಚ್ಚಿ ಬೆರಳ ತುದಿಯಿಂದ ಮಾಡುವುದು ಸುಲಭ ಎಂಬುದು ನನ್ನ ಅನುಭವ, ಏಕೆಂದರೆ ಕನ್ನಡಿ ಎಡಬಲವನ್ನು ತಿರುಗಿಸಿ ಕೈಯನ್ನು ಗೊಂದಲಕ್ಕೆ ಹಾಕುತ್ತದೆ. ಕೊನೆಗೆ ಒಂದು ಬೆರಳನ್ನು ಕಾಲರಿನ ಒಳಗೆ ಸುತ್ತ ಹಾಯಿಸಿ, ಅಂಗಿಯ ಪಟ್ಟಿ ಎಲ್ಲಿಯೂ ಮೇಲಕ್ಕೆ ಇಣುಕದಂತೆ ನೋಡಿಕೊಳ್ಳಿ.

ಒಗೆತ, ಗಂಜಿ, ಇಸ್ತ್ರಿ

ಬಿಡಿ ಕಾಲರನ್ನು ಕೊಳ್ಳುವುದು ಸುಲಭ, ಅದನ್ನು ನಿಲ್ಲಿಸುವುದು ಕಷ್ಟ. ಗಂಜಿಯ ಕೆಲಸದಲ್ಲಿ ಎಡವದವರು ಯಾರೂ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ಬ್ಯಾರಿಸ್ಟರ್ ಆಗಿದ್ದ ಗಾಂಧೀಜಿ, ಕಾಲರನ್ನು ದಿನವೂ ಬದಲಿಸಬೇಕಾಗಿ ಬಂದು ಅಗಸರ ಲೆಕ್ಕ ಹೆಚ್ಚಾದಾಗ, ತಾವೇ ಒಗೆಯಲು ಕಲಿತರು. ಮೊದಲ ಕಾಲರಿಗೆ ಗಂಜಿ ಬೇಕಾದ್ದಕ್ಕಿಂತ ಹೆಚ್ಚಾಗಿತ್ತು, ಇಸ್ತ್ರಿ ಸಾಕಷ್ಟು ಕಾದಿರಲಿಲ್ಲ, ಸುಟ್ಟೀತೆಂಬ ಅಂಜಿಕೆಯಿಂದ ಅವರು ಒತ್ತಿ ಉಜ್ಜಲೂ ಇಲ್ಲ. ಕಾಲರು ಗಟ್ಟಿಯಾಗಿಯೇ ನಿಂತಿತಾದರೂ ಹೆಚ್ಚಿನ ಗಂಜಿ ನ್ಯಾಯಾಲಯದಲ್ಲಿ ಉದುರುತ್ತಲೇ ಇತ್ತು, ಜೊತೆಯ ಬ್ಯಾರಿಸ್ಟರುಗಳು ನಕ್ಕರು. ಇದನ್ನು ಅವರು ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಗಂಜಿಯ ಪ್ರಮಾಣ, ಇಸ್ತ್ರಿಯ ಬಿಸಿ, ಕೈಯ ಒತ್ತಡ ಎಂಬ ಮೂರು ಕಡೆ ಅವರು ತಪ್ಪಿದ್ದರು. ಇಂದಿಗೂ ನಾವು ತಪ್ಪುವುದು ಆ ಮೂರರಲ್ಲಿಯೇ.

ಮೊದಲು ಹಳೆಯ ಗಂಜಿಯನ್ನು ಪೂರ್ತಿ ಬಿಡಿಸಬೇಕು. ಕಾಲರನ್ನು ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ಅದು ಮೆತ್ತಗೆ ಲೋಳೆಯಂತಾಗಿರುತ್ತದೆ. ಆ ನೀರನ್ನು ಚೆಲ್ಲಿ, ಬಿಸಿನೀರು ಸಾಬೂನಿನಲ್ಲಿ ಒಳಮಗ್ಗುಲಿನ ಕರೆಯನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಸಾಬೂನು ಉಳಿದರೆ ಇಸ್ತ್ರಿಯ ಬಿಸಿಗೆ ಹಳದಿ ಬಣ್ಣ ಬರುತ್ತದೆ, ಆದ್ದರಿಂದ ಮೂರು ಸಲ ಜಾಲಿಸುವುದು ಒಳ್ಳೆಯದು. ಕೊನೆಯ ನೀರಿಗೆ ಒಂದೆರಡು ತೊಟ್ಟು ನೀಲಿ ಹಾಕಬಹುದು. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒದ್ದೆಯ ಬಟ್ಟೆ ಗಂಜಿಯನ್ನು ಚೆನ್ನಾಗಿ ಹೀರುವುದಿಲ್ಲ.

ಗಂಜಿಗೆ ಅನ್ನದ ತಿಳಿ ನಡೆಯುತ್ತದೆ, ಸಬ್ಬಕ್ಕಿಯೂ ನಡೆಯುತ್ತದೆ, ಆದರೆ ಒಂದೇ ಹದ ದಿನವೂ ಸಿಗಬೇಕಾದರೆ ಜೋಳದ ಹಿಟ್ಟು ಎಂದು ಅಂಗಡಿಯಲ್ಲಿ ಸಿಗುವ ಕಾರ್ನ್‌ಫ್ಲೋರ್ ಮೇಲು. (ರೊಟ್ಟಿಯ ಜೋಳದ ಹಿಟ್ಟನ್ನು ತರಬೇಡಿ, ಅದು ಬೇರೆ.) ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಅರ್ಧ ಲೀಟರ್ ಕುದಿಯುವ ನೀರಿಗೆ ತೆಳ್ಳಗೆ ಹೊಯ್ಯುತ್ತ ಕೈಯಾಡಿಸಿ. ಹಾಲಿನಂತಿದ್ದದ್ದು ತಿಳಿಯಾಗಿ, ಚಮಚದ ಬೆನ್ನಿಗೆ ಪದರವಾಗಿ ಅಂಟುವವರೆಗೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಒಂದೇ ಒಂದು ಗಂಟು ಉಳಿದರೂ ಇಸ್ತ್ರಿಯ ಕೆಳಗೆ ಅದು ಕಂದು ಚುಕ್ಕೆಯಾಗುತ್ತದೆ. ರೆಕ್ಕೆ ಕಾಲರಿಗೆ ಹಿಟ್ಟನ್ನು ಇಮ್ಮಡಿ ಮಾಡಬಹುದಾದರೂ ಮೊದಲ ದಿನವೇ ಹಾಗೆ ಮಾಡಬೇಡಿ. ತೆಳುವಾದ ಗಂಜಿಯನ್ನು ಎರಡು ಸಲ ಹಾಕುವುದು ದಪ್ಪ ಗಂಜಿಯನ್ನು ಒಂದು ಸಲ ಹಾಕುವುದಕ್ಕಿಂತ ಚೆನ್ನಾಗಿ ಒಳಗಿಳಿಯುತ್ತದೆ.

ಕೈಗೆ ತಾಳುವಷ್ಟು ಆರಿದ ಗಂಜಿಯಲ್ಲಿ ಕಾಲರನ್ನು ಅದ್ದಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಗಂಜಿ ಪದರಗಳ ಒಳಕ್ಕೆ ಹೋಗುವಂತೆ ಹಿಸುಕುತ್ತ ಬನ್ನಿ. ಒಳಗೆ ಗಾಳಿ ಉಳಿದಿದ್ದರೆ ಬೆರಳಿನ ಕೆಳಗೆ ಸಣ್ಣ ಗುಳ್ಳೆ ಜಾರುವುದು ಗೊತ್ತಾಗುತ್ತದೆ. ಅದನ್ನು ಅಂಚಿನವರೆಗೆ ಓಡಿಸಿ ಬಿಡಬೇಕು. ಹೊರಗೆ ತೆಗೆದು ಹಿಂಡದೆ, ಎರಡೂ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗಂಜಿ ಬೇಕಾಗಿರುವುದು ಬಟ್ಟೆಯ ಒಳಗೆ, ಮೇಲೆ ಅಲ್ಲ. ಉದುರುವುದು ಮೇಲೆ ಉಳಿದದ್ದೇ. ಆಮೇಲೆ ಒಣ ಟವೆಲಿನಲ್ಲಿ ಸುತ್ತಿ ಅರ್ಧ ಗಂಟೆ ಇಡಿ.

ಇಸ್ತ್ರಿಯ ವಿಷಯವನ್ನು ನನಗೆ ಕಲಿಸಿದ್ದು ನಮ್ಮ ಬೀದಿಯ ತಿರುವಿನಲ್ಲಿ ಕೆಂಡದ ಪೆಟ್ಟಿಗೆ ಇಟ್ಟುಕೊಂಡಿರುವ ಹಿರಿಯರು. ನಾನು ಒಣಗಿದ ಕಾಲರನ್ನು ಒಯ್ದು ಕೊಟ್ಟಾಗ ಅವರು ಅದನ್ನು ಬೆರಳಿನಿಂದ ಬಾಗಿಸಿ ನೋಡಿ, "ಅಮ್ಮಾ, ಇದು ಹಪ್ಪಳ ಆಗಿಬಿಟ್ಟಿದೆ. ಪಸೆ ಇರುವಾಗಲೇ ತನ್ನಿ, ಇಸ್ತ್ರಿಯೇ ಒಣಗಿಸಬೇಕು, ಬಿಸಿಲಲ್ಲ," ಎಂದರು. ಅವರ ಮಾತಿನಲ್ಲಿ ಇಡೀ ವಿದ್ಯೆ ಇದೆ. ಪಸೆ ಇರುವ ಗಂಜಿ ಬಿಸಿ ಇಸ್ತ್ರಿಯ ಒತ್ತಡದಲ್ಲಿ ನೂಲುಗಳ ನಡುವೆ ಸಮನಾಗಿ ಹರಡಿ ಗಟ್ಟಿಯಾಗುತ್ತದೆ. ತಾನೇ ಒಣಗಿದ ಗಂಜಿ ಸುಕ್ಕುಗಳೊಂದಿಗೆ ಗಟ್ಟಿಯಾಗುತ್ತದೆ, ಆ ಸುಕ್ಕು ಮತ್ತೆ ಹೋಗುವುದಿಲ್ಲ. ವಿದ್ಯುತ್ ಇಸ್ತ್ರಿಯನ್ನು ಹತ್ತಿಬಟ್ಟೆಯ ಗುರುತಿಗೆ ಇಟ್ಟು, ಒಂದು ತೊಟ್ಟು ನೀರು ಚಿಮುಕಿಸಿದರೆ ಚುರ್ರೆಂದು ಹಾರಿಹೋಗುವಷ್ಟು ಕಾಯಿಸಿ. ಮೊದಲು ಒಳಮೈ, ಅದೂ ಅರ್ಧ ಒಣಗುವಷ್ಟೇ, ಆಮೇಲೆ ಹೊರಮೈ. ತುದಿಗಳಿಂದ ನಡುವಿನತ್ತ ಉಜ್ಜುತ್ತ ಬಂದರೆ ಬಟ್ಟೆ ಮೂಲೆಗಳಲ್ಲಿ ಸೇರಿ ಗುಪ್ಪೆಗಟ್ಟುವುದಿಲ್ಲ. ಪೂರ್ತಿ ಒಣಗಿ, ಬೆರಳಿನಿಂದ ತಟ್ಟಿದರೆ ಟಕ್ ಎನ್ನುವವರೆಗೆ ಉಜ್ಜುವುದನ್ನು ನಿಲ್ಲಿಸಬೇಡಿ.

ಮಡಚುವ ಕಾಲರಾದರೆ ಮಡಿಕೆಯ ಗೆರೆಯ ಉದ್ದಕ್ಕೂ ಒದ್ದೆ ಬೆರಳನ್ನು ಒಮ್ಮೆ ಎಳೆದು, ಬಿಸಿ ಆರುವ ಮೊದಲೇ ಕೈಯಿಂದ ಮಡಚಿ, ದುಂಡನೆಯ ಡಬ್ಬಿಯ ಸುತ್ತ ಬಾಗಿಸಿ ದಾರ ಕಟ್ಟಿಡಿ. ಮಡಿಕೆಯ ಮೇಲೆ ಇಸ್ತ್ರಿಯನ್ನು ಒತ್ತಿದರೆ ಅಲ್ಲಿನ ನೂಲು ಕಡಿಯುತ್ತದೆ, ನಾಲ್ಕು ಒಗೆತಕ್ಕೆ ಕಾಲರು ಎರಡು ತುಂಡಾಗುತ್ತದೆ. ಮಡಿಕೆ ತುಸು ಉಬ್ಬಿಕೊಂಡಿರುವುದೇ ಸರಿ.

ಹಳೆಯ ಅಂಗಿಯಿಂದ ಸಜ್ಜು ಮಾಡಿಕೊಳ್ಳುವುದು

ಕಾಲರು ಪಿಸಿದ ಅಂಗಿಯನ್ನು ದರ್ಜಿಗೆ ಕೊಟ್ಟು ಕಾಲರನ್ನು ತಿರುಗಿಸಿ ಹೊಲಿಸುವ ರೂಢಿ ನಮ್ಮ ಮನೆಗಳಲ್ಲಿ ಇತ್ತು. ಅಂಥದೇ ಅಂಗಿಯನ್ನು ಬಿಡಿ ಕಾಲರಿನ ಅಂಗಿಯಾಗಿ ಮಾಡಿಕೊಳ್ಳಬಹುದು. ಮಡಚಿ ಬೀಳುವ ಭಾಗವು ನಿಲ್ಲುವ ಪಟ್ಟಿಯ ಎರಡು ಪದರಗಳ ನಡುವೆ ಸೇರಿರುತ್ತದೆ. ಆ ಹೊಲಿಗೆಯನ್ನು ಮಾತ್ರ ಬಿಚ್ಚಿ, ಬೀಳುವ ಭಾಗವನ್ನು ಹೊರತೆಗೆದು, ಪದರಗಳ ಅಂಚನ್ನು ಒಳಕ್ಕೆ ಮಡಚಿ ಮತ್ತೆ ಹೊಲಿಯಿರಿ. ಈಗ ಉಳಿದದ್ದೇ ಕುತ್ತಿಗೆ ಪಟ್ಟಿ. ಅದರ ಎತ್ತರ ಹೊಸ ಕಾಲರಿನ ನಿಲ್ಲುವ ಭಾಗಕ್ಕಿಂತ ಕಾಲು ಇಂಚಾದರೂ ಕಡಿಮೆಯಿರಬೇಕು. ಮೇಲಿನ ಗುಂಡಿಯನ್ನು ಕಿತ್ತು ಆ ಜಾಗದಲ್ಲೂ ಒಂದು ಕಾಜ, ಬೆನ್ನಿನ ನಡುವೆ ಇನ್ನೊಂದು ಕಾಜ ಮಾಡಿಸಿದರೆ ಅಂಗಿ ಸಿದ್ಧ.

ಕಾಲರಿಗೆ ಒತ್ತಾದ ನೇಯ್ಗೆಯ ಹತ್ತಿ ಪಾಪ್ಲಿನ್ ಅಥವಾ ಲಿನನ್ ಬಳಸಿ. ಹೊರಗಿನ ಎರಡು ಪದರಗಳ ನಡುವೆ ದಪ್ಪ ಹತ್ತಿಬಟ್ಟೆಯ ಒಂದೆರಡು ಪದರಗಳಿರಲಿ; ಹಳೆಯ ಟ್ರಾಯ್ ಕಾಲರುಗಳೂ ಮೂರು ನಾಲ್ಕು ಪದರದವೇ. ಇಂದಿನ ದರ್ಜಿಗಳು ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಕ್ಯಾನ್ವಾಸನ್ನು ಹಾಕಲು ಮುಂದಾಗುತ್ತಾರೆ, ಮೆತ್ತನೆಯ ಕಾಲರಿಗೆ ಅದು ಸರಿ. ಗಂಜಿ ಹಾಕುವ ಕಾಲರಿಗೆ ಬೇಡ, ಏಕೆಂದರೆ ಅಂಟಿನ ಪದರ ಗಂಜಿಯನ್ನು ಒಳಗೆ ಬಿಡುವುದಿಲ್ಲ, ಬಿಸಿಗೆ ಗುಳ್ಳೆ ಏಳುತ್ತದೆ. ಬಟ್ಟೆಯನ್ನು ಕತ್ತರಿಸುವ ಮೊದಲು ಎರಡು ಸಲ ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿಕೊಳ್ಳುವುದನ್ನು ಮರೆಯಬೇಡಿ. ಕಾಲು ಇಂಚು ಕುಗ್ಗಿದರೂ ಅರ್ಧ ಇಂಚಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮಿಲ್ ಬಟ್ಟೆಯ ಅಂಚಿನ ಮೇಲೆ 'ಸ್ಯಾನ್‌ಫೊರೈಸ್ಡ್' ಎಂಬ ಮುದ್ರೆಯನ್ನು ಹಿರಿಯರು ಓದಿರುತ್ತಾರೆ. ಬಟ್ಟೆಯನ್ನು ಮೊದಲೇ ಕುಗ್ಗಿಸುವ ಆ ವಿಧಾನವನ್ನು 1930ರ ಹೊತ್ತಿಗೆ ರೂಪಿಸಿದವನು ಆ್ಯರೋ ಕಾಲರಿನ ಕಂಪನಿಯ ಸ್ಯಾನ್‌ಫೋರ್ಡ್ ಕ್ಲೂಯೆಟ್, ಹೆಸರೂ ಅವನದೇ.

ಅದೇ ಹಳೆಯ ಅಂಗಿಯ ಕಾಲರು ಹೊಸದಕ್ಕೆ ಪಡಿಯಚ್ಚಾಗುತ್ತದೆ. ನಿಲ್ಲುವ ಭಾಗಕ್ಕೆ ಮುಂದೆ 1¼, ಹಿಂದೆ 1½ ಇಂಚು ಎತ್ತರ, ಬೀಳುವ ಭಾಗಕ್ಕೆ ಹಿಂದೆ 2 ಇಂಚು ಸಾಮಾನ್ಯ ಕುತ್ತಿಗೆಗೆ ಹೊಂದುತ್ತದೆ. ಕಾಜದಿಂದ ಆಚೆಗೆ ಎರಡೂ ತುದಿಗೆ ಅರ್ಧ ಅರ್ಧ ಇಂಚು ಮತ್ತು ಹೊಲಿಗೆಗೆ ಕಾಲು ಇಂಚು ಹೆಚ್ಚು ಬಿಡಿ. ಮೂರು ಕಾಜಗಳನ್ನೂ ಕೈಯಲ್ಲಿಯೇ ಒತ್ತಾಗಿ ಹೊಲಿಸಿದರೆ ಒಳ್ಳೆಯದು. ಗಂಜಿಯ ಕಾಲರಿನಲ್ಲಿ ಮೊದಲು ಹರಿಯುವುದು ಯಂತ್ರದ ಕಾಜ.

ವಕೀಲೆಯರ ಕಾಲರು, ಮತ್ತೆ ಕೆಲವು ಬಳಕೆಗಳು

ಗಂಡಸರಾದ ವಕೀಲರು ಅಂಗಿಯ ಕಾಲರಿನ ಕೆಳಗೆ ಬ್ಯಾಂಡ್ ಕಟ್ಟಿದರೆ ನಡೆಯುತ್ತದೆ. ಸೀರೆ ಅಥವಾ ಚೂಡಿದಾರ ತೊಡುವ ನಮಗೆ ಕಾಲರು ಬೇರೆಯೇ ಬೇಕು. ಅಂಗಡಿಯಲ್ಲಿ ಸಿಗುವ, ಹಿಂದೆ ವೆಲ್ಕ್ರೊ ಅಂಟಿಸುವ ಬಗೆ ಒಂದು ಮಳೆಗಾಲ ಬಾಳುವುದಿಲ್ಲ. ವೃತ್ತಿಯ ಮೊದಲ ಜೂನ್ ತಿಂಗಳಲ್ಲಿ, ವಾದದ ನಡುವೆ, ನನ್ನ ಕಾಲರಿನ ವೆಲ್ಕ್ರೊ ಬಿಟ್ಟುಕೊಂಡು ಬ್ಯಾಂಡ್ ಸಹಿತ ಕಡತದ ಮೇಲೆ ಬಿತ್ತು. ಹಿರಿಯ ವಕೀಲೆಯೊಬ್ಬರು ಏನೂ ಹೇಳದೆ ಸೇಫ್ಟಿ ಪಿನ್ ಕೊಟ್ಟರು. ಅಂದಿನಿಂದ ನಾನು ಹಿಂದೆ ಎರಡು ಕೊಕ್ಕೆ, ಅರ್ಧ ಇಂಚಿನ ಅಂತರದಲ್ಲಿ ಎರಡು ಸಾಲು ಕಣ್ಣು ಇಟ್ಟು ಹೊಲಿಸುತ್ತೇನೆ. ಸೆಕೆಗೆ ಒಂದು ಸಾಲು, ಚಳಿಗೆ ಒಂದು ಸಾಲು. ಬ್ಯಾಂಡನ್ನು ಕಾಲರಿಗೆ ಹೊಲಿಯದೆ ಮುಂದೆ ಒಳಮಗ್ಗುಲಿನ ಗುಂಡಿಗೆ ಸಿಕ್ಕಿಸುವಂತೆ ಮಾಡಿಸಿ. ಕೊಳೆಯಾಗುವುದು ಕಾಲರು, ಬ್ಯಾಂಡ್ ಮೂರು ದಿನ ಬರುತ್ತದೆ. ಹ್ಯಾನಾ ಮಾಂಟೆಗ್ಯೂಳ ಲೆಕ್ಕವೇ ಇದು. ವಾರಕ್ಕೆ ಆರು ಕಾಲರು, ಎರಡು ಜೊತೆ ಬ್ಯಾಂಡ್ ಇದ್ದರೆ ಭಾನುವಾರ ಒಂದೇ ಸಲ ಗಂಜಿ ಹಾಕಿ ಮುಗಿಸಬಹುದು. ಕರಾವಳಿಯ ಮಳೆಗಾಲದಲ್ಲಿ ಮಾತ್ರ ಗಂಜಿ ಗಾಳಿಯ ತೇವವನ್ನು ಹೀರಿ ಮಧ್ಯಾಹ್ನಕ್ಕೆ ಕುಸಿಯುತ್ತದೆ. ಆ ನಾಲ್ಕು ತಿಂಗಳು ಕ್ಯಾನ್ವಾಸಿನ ಮೆತ್ತನೆಯ ಕಾಲರೇ ವಿವೇಕ, ನಿಯಮವೂ ಅದನ್ನು ಒಪ್ಪುತ್ತದೆ.

ಚರ್ಚಿನ ಪಾದ್ರಿಗಳ ಕಾಲರು ಹಿಂದೆ ಗುಂಡಿ ಸೇರುವಂಥದು. ಅದಕ್ಕೂ ಇದೇ ಅಳತೆ, ಇದೇ ಆರೈಕೆ. ಬ್ರಿಟಿಷರ ಕಾಲದ ಪಾತ್ರಗಳಿರುವ ನಾಟಕಕ್ಕೆ ಉಡುಪು ಹೊಂದಿಸುವವರಿಗೂ ಬಿಡಿ ಕಾಲರು ಬಹಳ ಅನುಕೂಲ. ಮುಖದ ಬಣ್ಣ ಮೊದಲು ಹತ್ತುವುದು ಕಾಲರಿಗೆ. ಒಂದು ಅಂಗಿಗೆ ನಾಲ್ಕು ಕಾಲರು ಹೊಲಿಸಿದರೆ ನಾಲ್ಕು ಪ್ರದರ್ಶನಕ್ಕೆ ಅಂಗಿ ಒಗೆಯುವ ಕೆಲಸವಿಲ್ಲ. ಸ್ವೆಟರಿನ ಒಳಗೆ ಪೂರ್ತಿ ಅಂಗಿಯ ಬದಲು ಬರಿಯ ಕಾಲರು ಮತ್ತು ಎದೆಯ ತುಂಡನ್ನು ತೊಡುವುದು ಹೆಣ್ಣುಮಕ್ಕಳಲ್ಲಿ ಈಚೆಗೆ ಮತ್ತೆ ಕಾಣುತ್ತಿದೆ.

ಎತ್ತಿಡುವುದು

ಗಂಜಿ ಹಾಕಿದ ಕಾಲರನ್ನು ಚಪ್ಪಟೆಯಾಗಿ ಒತ್ತಿ ಇಡಬಾರದು. ಹಿಂದೆ ಇದಕ್ಕೆಂದೇ ಕುದುರೆ ಲಾಳದ ಆಕಾರದ ಚರ್ಮದ ಪೆಟ್ಟಿಗೆಗಳಿದ್ದವು. ನಮಗೆ ದುಂಡನೆಯ ಬಿಸ್ಕತ್ತಿನ ಡಬ್ಬಿ ಸಾಕು. ಕಾಲರುಗಳನ್ನು ಒಂದರೊಳಗೊಂದು ಸುತ್ತಿಟ್ಟು, ನಡುವಿನ ಖಾಲಿ ಜಾಗದಲ್ಲಿ ಸ್ಟಡ್‌ಗಳನ್ನು ಒಂದು ಸಣ್ಣ ಭರಣಿಯಲ್ಲಿ ಇಡಬಹುದು. ಸ್ಟಡ್ ಉರುಳಿದರೆ ಕಪಾಟಿನ ಕೆಳಗೇ ಹೋಗುತ್ತದೆ, ಆದ್ದರಿಂದ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ತೊಡದ ಕಾಲರನ್ನು ಗಂಜಿ ಪೂರ್ತಿ ತೊಳೆದು, ಮೆತ್ತಗಿರುವಂತೆಯೇ ಎತ್ತಿಡಬೇಕು. ಗಂಜಿ ಎಂದರೆ ಆಹಾರ. ಪುಸ್ತಕದಲ್ಲಿ ಓಡಾಡುವ ಬೆಳ್ಳಿಹುಳ ಅದಕ್ಕೆ ಬರುತ್ತದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಅಜ್ಜನ ಪೆಟ್ಟಿಗೆಯಲ್ಲೋ ಗುಜರಿ ಅಂಗಡಿಯಲ್ಲೋ ಹೊಳಪಿನ, ಹಳದಿ ತಿರುಗಿದ, ಉಜ್ಜಿದರೆ ಕರ್ಪೂರದ ವಾಸನೆ ಬರುವ ಕಾಲರು ಸಿಕ್ಕಿದರೆ ಅದು ಸೆಲ್ಯುಲಾಯ್ಡ್. ಅದಕ್ಕೆ ಇಸ್ತ್ರಿ ಮುಟ್ಟಿಸಬೇಡಿ, ದೀಪದ ಹತ್ತಿರ ಒಯ್ಯಬೇಡಿ. ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಾಗದದ ಪೊಟ್ಟಣದಲ್ಲಿ, ಬೇರೆ ಬಟ್ಟೆಗಳಿಂದ ದೂರ ಇಡಿ.